ಊರು ಹಂಚುವ ಲೆಕ್ಕ

ಹಂಚಿ ಉಣ್ಣುವುದು ಧರ್ಮವೆಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಹಂಚಬೇಕಾಗಿರುವುದು ಅನ್ನವಲ್ಲ, ಮನುಷ್ಯರನ್ನೇ ಎಂದಾದರೆ ಧರ್ಮ ಯಾವುದು? ಸ್ವೀಡನ್ ದೇಶ ನಾಲ್ಕು ದಶಕಗಳಿಂದ ಈ ಪ್ರಶ್ನೆಯನ್ನು ಎದುರಿಸುತ್ತಿದೆ.

1985ರಿಂದ ಅಲ್ಲಿನ ಸರ್ಕಾರ ನಿರಾಶ್ರಿತರನ್ನು ದೇಶದ ಉದ್ದಗಲಕ್ಕೂ ಹಂಚಿ ನೆಲೆಗೊಳಿಸುತ್ತಿತ್ತು. 1994ರಲ್ಲಿ ವಾಸಸ್ಥಳವನ್ನು ತಾವೇ ಹುಡುಕಿಕೊಳ್ಳುವ ಅವಕಾಶ ಅವರಿಗೆ ದೊರೆಯಿತು. ಸಹಜವಾಗಿಯೇ ಜನ ತಮ್ಮವರಿದ್ದ ಊರುಗಳಿಗೆ ಹೋದರು. ಅಮೆರಿಕ ಮತ್ತು ಕೆನಡಾ ಸೇರಿ ಸ್ವೀಕರಿಸಿದ್ದಕ್ಕಿಂತ ಹೆಚ್ಚು ಇರಾಕಿ ನಿರಾಶ್ರಿತರನ್ನು ತಮ್ಮದೊಂದೇ ಪಟ್ಟಣ ಸ್ವೀಕರಿಸಿದೆ ಎಂದು ಸೋಡರ್‌ಟೇಲ್ಯೆಯ ಮೇಯರ್ 2008ರಲ್ಲಿ ಅಮೆರಿಕದ ಜನಪ್ರತಿನಿಧಿಗಳ ಮುಂದೆ ಹೇಳಿದರು.

2015ರಲ್ಲಿ ಸುಮಾರು 1,63,000 ಜನ ಸ್ವೀಡನ್ನಿನಲ್ಲಿ ಆಶ್ರಯ ಕೋರಿದರು. 2016ರ ಮಾರ್ಚ್ 1ರಂದು ಜಾರಿಗೆ ಬಂದ ಕಾನೂನು, ವಾಸದ ಪರವಾನಗಿ ಪಡೆದ ನಿರಾಶ್ರಿತರಲ್ಲಿ ತನ್ನ ಪಾಲಿನವರನ್ನು ಸ್ವೀಕರಿಸುವ ಹೊಣೆಯನ್ನು ಪ್ರತಿಯೊಂದು ಕೊಮ್ಯೂನ್‌ಗೂ, ಅಂದರೆ ನಮ್ಮ ಪುರಸಭೆಯಂತಹ ಸ್ಥಳೀಯ ಆಡಳಿತಕ್ಕೂ, ಹೊರಿಸಿತು. ಜನಸಂಖ್ಯೆ, ಉದ್ಯೋಗಾವಕಾಶ, ಈಗಾಗಲೇ ಬಂದಿರುವವರ ಸಂಖ್ಯೆ ಇವನ್ನು ನೋಡಿ ಪಾಲು ನಿರ್ಧಾರವಾಗುತ್ತದೆ. ಊರು ಊರುಗಳ ನಡುವೆ ಇದು ನ್ಯಾಯವೇ. ಆದರೆ ಸರ್ಕಾರದ ನೆರವಿನಿಂದ ಮನೆ ಪಡೆಯುವವನು ತನ್ನ ಊರನ್ನು ಆರಿಸಲಾರ. ಕೊಟ್ಟ ಊರು ಬೇಡವೆಂದರೆ ಇನ್ನೊಂದು ಸಿಗದು.

ಈ ಹಂಚಿಕೆಯ ಕೆಲಸಕ್ಕೆ ಬೇರೆಡೆ ಕಂಪ್ಯೂಟರ್ ಕೂಡ ಬಂದಿದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಟಾಮಿ ಆಂಡರ್ಸನ್ ಅವರೂ ಇದ್ದ ತಂಡವೊಂದು 'ಆ್ಯನಿ ಮೂರ್' ಎಂಬ ತಂತ್ರಾಂಶವನ್ನು ರೂಪಿಸಿತು. ಅಮೆರಿಕದ ಹಯಾಸ್ ಎಂಬ ನೆರವು ಸಂಸ್ಥೆ 2018ರಲ್ಲಿ ಅದನ್ನು ಬಳಸತೊಡಗಿತು. ಹಿಂದೆ ಬಂದವರ ಅನುಭವವನ್ನು ಆಧರಿಸಿ, ಯಾವ ಕುಟುಂಬಕ್ಕೆ ಯಾವ ಊರಿನಲ್ಲಿ ಕೆಲಸ ಸಿಗುವ ಸಂಭವ ಹೆಚ್ಚೆಂದು ಅದು ಅಂದಾಜಿಸುತ್ತದೆ. ಒಟ್ಟಾರೆ ಹೆಚ್ಚು ಜನರಿಗೆ ಕೆಲಸ ಸಿಗುವಂತೆ ಹೊಂದಿಸುತ್ತದೆ. ಕಣ್ಣು ಮುಚ್ಚಿ ಕಳುಹಿಸುವುದಕ್ಕಿಂತ ಇದು ಖಂಡಿತ ಮೇಲು.

ಆದರೂ 'ಒಟ್ಟಾರೆ' ಎಂಬ ಮಾತಿನಲ್ಲಿ ಒಂದು ತೊಡಕಿದೆ. ಕೆಲಸ ಮಾಡಲಾಗದ ವೃದ್ಧೆಯೊಬ್ಬಳು ಎಲ್ಲಿದ್ದರೂ ಆ ಮೊತ್ತ ಏರುವುದಿಲ್ಲ, ಇಳಿಯುವುದೂ ಇಲ್ಲ. ಹಾಗಾದರೆ ಉಳಿದ ಜಾಗ ಅವಳಿಗೆ ಸಾಕೇ? ಅವಳ ಭಾಷೆಯ ಒಬ್ಬ ನೆರೆಯವಳು ಯಾವ ಲೆಕ್ಕಕ್ಕೆ ಸೇರುತ್ತಾಳೆ? ಇನ್ನೊಂದು ಅಪಾಯವೂ ಉಂಟು. ಒಂದು ಊರಿನ ಮಾಲೀಕರು ಹಿಂದೆ ಒಂದು ಜನಾಂಗದವರಿಗೆ ಕೆಲಸ ಕೊಡದಿದ್ದರೆ, 'ಆ ಜನಕ್ಕೆ ಈ ಊರು ಆಗದು' ಎಂದೇ ಯಂತ್ರ ಕಲಿಯುತ್ತದೆ. ನಿನ್ನೆಯ ಅನ್ಯಾಯ ನಾಳೆಯ ನಿಯಮವಾಗುತ್ತದೆ.

1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟಿಯನ್ನರೂ ಊರನ್ನು ಆರಿಸಿ ಬಂದವರಲ್ಲ. ಆದರೆ ಅವರನ್ನು ಒಟ್ಟಾಗಿ ನೆಲೆಗೊಳಿಸಿದ್ದರಿಂದ ಅವರ ಭಾಷೆ, ಮಠ, ನೆರೆಹೊರೆ ಉಳಿದವು. ಪರದೇಶಕ್ಕೆ ಹೋಗುವ ಕನ್ನಡಿಗರಾದ ನಾವೂ ಮೊದಲು ವಿಚಾರಿಸುವುದು, ಅಲ್ಲಿ ನಮ್ಮವರು ಯಾರಿದ್ದಾರೆ ಎಂದೇ.

ಹಂಚಿಕೆ ಬೇಡವೆಂದಲ್ಲ, ಭಾರವನ್ನು ಎಲ್ಲರೂ ಹೊರಬೇಕು. ಆದರೆ ಕಳುಹಿಸುವ ಮುನ್ನ ಆ ವ್ಯಕ್ತಿಯ ಇಷ್ಟವನ್ನು ಕೇಳಬೇಕು. 'ನನಗೇಕೆ ಈ ಊರು?' ಎಂದು ಅವನು ಕೇಳಿದಾಗ, ಯಂತ್ರವನ್ನು ತೋರಿಸದೆ ಮನುಷ್ಯನೊಬ್ಬ ಉತ್ತರಿಸಬೇಕು. ಮನೆ ಕಳೆದುಕೊಂಡು ಬಂದವನಿಗೆ ಅಷ್ಟಾದರೂ ಸಲ್ಲಬೇಡವೇ?