ಅಮಲಿನ ಸಮಾನತೆ

ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡ ಮಾರುವವನೂ ಒಬ್ಬನಿದ್ದ. ಹೆಸರು ಹೆಂಡದ ಮಾರಯ್ಯ, ಅಂಕಿತ ಧರ್ಮೇಶ್ವರಲಿಂಗ. ಪರಂಪರೆ ಅವನ ಕಸುಬನ್ನು ಮುಚ್ಚಿಡಲಿಲ್ಲ, ಹೆಸರಿನಲ್ಲೇ ಉಳಿಸಿಕೊಂಡಿತು. ದೇವರ ಮನೆಗೂ ಹೆಂಡದಂಗಡಿಗೂ ನಡುವೆ ಗೋಡೆ ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆ ಹಾಗಾಗಿ ಹೊಸದಲ್ಲ.

ಆ ಶರಣರ ಮುಂದಾಳು ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವುದು ವಿಜಯಪುರ ಜಿಲ್ಲೆಯಲ್ಲಿ. 1956ರವರೆಗೆ ಈ ಸೀಮೆ ಮುಂಬೈ ರಾಜ್ಯಕ್ಕೆ ಸೇರಿತ್ತು. ಅಲ್ಲಿನ 1949ರ ಪಾನನಿಷೇಧ ಕಾಯ್ದೆ ಈ ಜಿಲ್ಲೆಯ ತಿಕೋಟಾ, ಹೊನವಾಡದಂಥ ಊರುಗಳಿಗೂ ಅನ್ವಯಿಸುತ್ತಿತ್ತು. ಮುಂದೆ ಕರ್ನಾಟಕದ ಹಳ್ಳಿಗಳಲ್ಲಿ ಸಾರಾಯಿ ಅಂಗಡಿಗಳದೇ ಕಾಲ ಬಂತು, 2007ರ ಜುಲೈ 1ರ ನಿಷೇಧದವರೆಗೆ. ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಹರಿದು ಗ್ಲಾಸಿಗೆ ಸುರಿದು, ನಾಲಿಗೆಗೆ ಚೂರು ಉಪ್ಪಿನಕಾಯಿ ಹಚ್ಚಿ, ಒಂದೇ ಗುಟುಕಿಗೆ ಇಳಿಸುವುದು ಅಲ್ಲಿನ ರೀತಿಯಾಗಿತ್ತು. ಮೈಮುರಿದು ದುಡಿದವರು ಜಾತಿ ಕೇಳದೆ ಹೆಗಲ ಮೇಲೆ ಕೈ ಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಆ ಕೈ ಎಲ್ಲಿ ಹೋಗುತ್ತಿತ್ತು? ಅಮಲು ತಂದ ಸಮಾನತೆಯನ್ನು ಅಮಲೇ ವಾಪಸು ಒಯ್ಯುವುದಾದರೆ, ಅದಕ್ಕೆ ಧರ್ಮದ ಲೆಕ್ಕದಲ್ಲಿ ಬೆಲೆ ಎಷ್ಟು?

ಸಾರಾಯಿ ಅಂಗಡಿ ಬಿಟ್ಟು ಊಟದ ಪಂಕ್ತಿಗೆ ಬಂದರೆ, ಸಂತೆ, ಕೋರ್ಟು, ದವಾಖಾನೆ ಅಂತ ಹಳ್ಳಿಗಳಿಂದ ವಿಜಯಪುರಕ್ಕೆ ಬಂದವರ ಹೊಟ್ಟೆ ತುಂಬಿಸಿದ್ದು ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹೊರಗೆ ‘ಲಿಂಗಾಯತ ಖಾನಾವಳಿ’ ಎಂಬ ಬೋರ್ಡು. ಪಂಕ್ತಿಭೇದ ಬೇಡವೆಂದವರ ಹೆಸರೇ ಬೋರ್ಡಿಗೆ ಏರಿತಲ್ಲ! ಇವತ್ತು ಅದಕ್ಕೆ ಶಾಕಾಹಾರಿ ಊಟ ಸಿಗುತ್ತದೆ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ, ಯಾರು ಬಂದರೂ ರೊಟ್ಟಿ ಬೀಳುತ್ತದೆ.

ದೊಡ್ಡ ಹೋಟೆಲುಗಳ ಕಥೆ ಬೇರೆ. ಸಾರ್ವಜನಿಕ ಹೋಟೆಲಿಗೆ ಬರುವವರನ್ನು ಜಾತಿಯ ಕಾರಣಕ್ಕೆ ತಡೆಯಕೂಡದೆಂದು ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತು. ಆದರೂ ಮದ್ರಾಸಿನಲ್ಲಿ ಹೋಟೆಲಿನ ಬೋರ್ಡಿನಿಂದ ‘ಬ್ರಾಹ್ಮಣ’ ಎಂಬ ಪದ ತೆಗೆಸಲು ಪೆರಿಯಾರ್ ಕಡೆಯವರು 1957ರಲ್ಲಿ ಚಳವಳಿ ಹೂಡಬೇಕಾಯಿತು. ಈಗ ಏಸಿ ಹಾಲಿನಲ್ಲಿ ಬಿಲ್ ಕೊಡಬಲ್ಲವನನ್ನು ಯಾರೂ ಏನೂ ಕೇಳುವುದಿಲ್ಲ. ಪಕ್ಕದ ಟೇಬಲಿನವನು ಯಾರೆಂದು ಗೊತ್ತೇ ಇಲ್ಲದಾಗ ಜೊತೆಗೆ ಉಣ್ಣುವುದು ಸುಲಭ. ಶರಣರ ದಾಸೋಹ ಕೇಳಿದ್ದು ಇದಕ್ಕಿಂತ ಕಷ್ಟದ್ದನ್ನು: ಯಾರ ಮಗ, ಯಾವ ಕೇರಿ ಎಂದೆಲ್ಲ ಗೊತ್ತಿದ್ದೂ, ಮೈಮೇಲೆ ಎಚ್ಚರವಿದ್ದೂ, ಒಟ್ಟಿಗೆ ಕೂರುವುದನ್ನು.

ಹಳ್ಳಿಯ ಚಹಾದಂಗಡಿಯಲ್ಲಿ ಆ ಪರೀಕ್ಷೆ ನಡೆಯಬೇಕಿತ್ತು. ದಲಿತರ ಕಪ್ಪು ಹೊರಗಿನ ಗೂಡಿನಲ್ಲಿ, ಅದನ್ನು ತೊಳೆದಿಡಬೇಕಾದವರೂ ಅವರೇ, ಇದು ಎಷ್ಟೋ ಊರುಗಳ ಕಥೆಯಾಗಿತ್ತು. ಅಷ್ಟರಲ್ಲಿ ಕಾಗದದ ಕಪ್ಪು ಬಂತು. ಕುಡಿದು ಎಸೆದರಾಯಿತು, ಯಾರ ಎಂಜಲನ್ನೂ ಯಾರೂ ತೊಳೆಯಬೇಕಿಲ್ಲ. ಯಾರೂ ಮನಸ್ಸು ಬದಲಿಸಿಕೊಳ್ಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.