ಓಡಲಿಕ್ಕೊಂದು ನೆಪ

ಬೆಳಿಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ನಿಂತು ಹೆಂಗಸರ ಓಟ ನೋಡಬೇಕು. ಹೆಗಲಿಗೆ ಚೀಲ, ಕೈಯಲ್ಲಿ ಡಬ್ಬಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು ಇಲ್ಲವೇ ಕೊರಳಿಗೆ ಸುತ್ತಿದ ದುಪಟ್ಟಾ. ಫಾಸ್ಟ್ ಲೋಕಲ್ ಬಂತೆಂದರೆ ದಡದಡನೆ ಮೆಟ್ಟಿಲಿಳಿಯುತ್ತಾರೆ. ದಪ್ಪಗಿದ್ದವರು, ಸಣಕಲಿದ್ದವರು, ಐವತ್ತು ದಾಟಿದವರು, ಎಲ್ಲರೂ. ಯಾರ ಹೊಟ್ಟೆ ಕುಲುಕಿತು ಎಂದು ನೋಡಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ ರೈಲು ಬಂತು, ಮರುವರ್ಷ ಕಲ್ಯಾಣಕ್ಕೆ. ಆ ಹಳಿ ಮುಂದೆ ಇಲ್ಲಿನ ಹೆಂಗಸರಿಗೆ ಸಂಬಳದ ಜೊತೆ ಬಹಿರಂಗವಾಗಿ ಓಡುವ ಪರವಾನಗಿಯನ್ನೂ ತಂದುಕೊಟ್ಟಿತು.

ಅದೇ ಹೆಂಗಸು ಭಾನುವಾರ ಐದೂವರೆಗೆ ಬೂಟು ಬಿಗಿದು ಥಾಣೆಯ ತಲಾವ್‌ಪಾಳಿಯ ಸುತ್ತಲೋ ನವಿಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲೋ ಓಡಲಿ. ಹಿಡಿಯಬೇಕಾದ ಗಾಡಿಯಿಲ್ಲ, ಹೊಡೆಯಬೇಕಾದ ಮಸ್ಟರ್ ಇಲ್ಲ. ಈಗ ಎಲ್ಲರಿಗೂ ಅವಳ ಮೈ ಕಾಣಿಸುತ್ತದೆ, ಅವಳಿಗೂ. ನಾಲ್ಕು ಹೆಜ್ಜೆಗೊಮ್ಮೆ ಟೀ ಶರ್ಟನ್ನು ಹಿಂದಿನಿಂದ ಕೆಳಕ್ಕೆಳೆದುಕೊಳ್ಳುತ್ತಾಳೆ. ಥಾಣೆ ಮಹಾನಗರಪಾಲಿಕೆಯ ವರ್ಷಾ ಮ್ಯಾರಥಾನ್ ಹೆಸರೇ ಹೇಳುವಂತೆ ಮಳೆಗಾಲದ್ದು. ಒದ್ದೆಯಾದರೆ ಏನೇನು ಕಂಡೀತೆಂದು ಲೆಕ್ಕ ಹಾಕಿಯೇ ಬಟ್ಟೆಯ ಬಣ್ಣ ಆರಿಸಬೇಕು. ಮನೆಗೆ ಬಂದ ಮೇಲೆ ಸ್ಪೋರ್ಟ್ಸ್ ಬ್ರಾ ಒಗೆದು ಬಾಲ್ಕನಿಯ ಹಗ್ಗದಲ್ಲಿ ಟವೆಲಿನ ಅಡಿಗೆ ಒಣಹಾಕಬೇಕು.

ಕನ್ನಡ ಸಂಘದ ಊಟದ ಸಾಲಿನಲ್ಲಿ ವಿಚಾರಣೆ ಮುಂದುವರಿಯುತ್ತದೆ. "ನೀನು ಓಡ್ತಿಯಂತೆ? ಮತ್ತೆ ಇಳಿದದ್ದು ಏನೂ ಕಾಣುದಿಲ್ಲ ಮಾರಾಯ್ತಿ!" ಪಕ್ಕದವಳಿಗೆ, "ನಿನ್ನ ಮುಖ ಎಂತ ಇಷ್ಟು ಬತ್ತಿದ್ದು? ಓಡಿದ್ದು ಜಾಸ್ತಿ ಆಯ್ತು." ಎರಡೂ ಒಬ್ಬರೇ ದೊಡ್ಡಮ್ಮನ ಬಾಯಿಯ ಮಾತು, ಅದೂ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತ, ಅಕ್ಕರೆಯಿಂದಲೇ.

ದೊಡ್ಡಮ್ಮನನ್ನು ದೂರಿ ಫಲವಿಲ್ಲ. ಹೆಣ್ಣಿನ ಓಟಕ್ಕೊಂದು ಕಾರಣ ಬೇಕು, ಆ ಕಾರಣ ಅವಳ ಹೊರಗಿರಬೇಕು ಎಂಬುದು ಎಲ್ಲರೂ ಒಪ್ಪಿಕೊಂಡ ನಿಯಮ. ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಲತಾ ಭಗವಾನ್ ಕರೆ ಅರವತ್ತು ದಾಟಿದ ಮೇಲೆ ಒಂಬತ್ತು ಗಜದ ಸೀರೆಯಲ್ಲಿ, ಬರಿಗಾಲಲ್ಲಿ ಓಡಿ ಬಹುಮಾನ ಗೆದ್ದರು. ದುಡ್ಡು ಬೇಕಾಗಿದ್ದದ್ದು ಗಂಡನ ಚಿಕಿತ್ಸೆಗೆ. ಮಹಾರಾಷ್ಟ್ರ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಅವರ ಹೆಸರಿನ ಮರಾಠಿ ಸಿನೆಮಾ 2020ರಲ್ಲಿ ತೆರೆಕಂಡಿತು, ಪಾತ್ರ ಮಾಡಿದ್ದೂ ಅವರೇ. ಮೆಚ್ಚತಕ್ಕ ಓಟವೇ. ಆದರೆ ಅದೇ ಸೀರೆಯಲ್ಲಿ ಸುಮ್ಮನೆ ಖುಷಿಗೆ ಓಡಿದ್ದರೆ? ಕ್ಯಾಮರಾಗಳು ಬರುತ್ತಿದ್ದವೋ ಇಲ್ಲವೋ, ನಗುವವರಂತೂ ಬರುತ್ತಿದ್ದರು.

ಗಾಡಿಯೂ ಇಲ್ಲ, ಗಂಡನ ಕಾಯಿಲೆಯೂ ಇಲ್ಲ ಎನ್ನುವವರಿಗೆ ಈಗ ಸಿಕ್ಕಿರುವ ನೆಪ ತೂಕ. ತೂಕ ಇಳಿಸಲು ಓಡುತ್ತೇನೆ ಎಂದರೆ ಮನೆಯವರು ಬೆಳಗಿನ ಚಹಾ ತಾವೇ ಮಾಡಿಕೊಳ್ಳುತ್ತಾರೆ. ತೂಕ ಇಳಿಯದಿದ್ದರೆ ಮಾತ್ರ ಪರವಾನಗಿ ರದ್ದು.

ದೇಹವೇ ಧರ್ಮಕ್ಕೆ ಮೊದಲ ಸಾಧನ ಎಂಬರ್ಥದ ಸಂಸ್ಕೃತ ಮಾತೊಂದಿದೆ. ದೆಹಲಿಯ ಏಮ್ಸ್ ಆಸ್ಪತ್ರೆಯ ಧ್ಯೇಯವಾಕ್ಯ ಅದೇ. ಬೊಜ್ಜು ಕರಗಿಸಿಕೊಳ್ಳಿ ಎಂದು ಬುದ್ಧಿ ಹೇಳುವವರಿಗೂ ಅದು ಬಾಯಿಪಾಠ. ಆದರೆ ಕಾಳಿದಾಸ 'ಕುಮಾರಸಂಭವ'ದ ಐದನೆಯ ಸರ್ಗದಲ್ಲಿ ಅದನ್ನು ಯಾರಿಗೆ ಹೇಳಿಸಿದ್ದಾನೆ ನೋಡಿ. ಪಾರ್ವತಿ ಶಿವನಿಗಾಗಿ ತಪಸ್ಸಿಗೆ ಕೂತಿದ್ದಾಳೆ. ತಾನಾಗಿ ಉದುರಿದ ಎಲೆಯನ್ನೂ ತಿನ್ನದೆ ಅಪರ್ಣೆ ಎನಿಸಿಕೊಂಡಿದ್ದಾಳೆ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವ, ತಪಸ್ಸು ಶಕ್ತಿಗೆ ತಕ್ಕಂತಿದೆ ತಾನೆ ಎಂದು ವಿಚಾರಿಸುತ್ತ ಆಡಿದ ಮಾತು ಅದು. ಓಡುವವರ ಭಾಷೆಯಲ್ಲಿ, ಮೈಲೇಜು ಜಾಸ್ತಿಯಾಗಿಲ್ಲ ತಾನೆ, ಸರಿಯಾಗಿ ತಿನ್ನುತ್ತಿದ್ದೀ ತಾನೆ ಎಂಬ ಕಾಳಜಿ. ದಪ್ಪಗಿರುವವಳನ್ನು ಗದರಿಸುವ ಮಾತೇ ಅಲ್ಲ.

ಇಂದಿನ ಅಪರ್ಣೆಯರ ಕಥೆ ವೈದ್ಯರಿಗೆ ಗೊತ್ತು. ಖರ್ಚಾದಷ್ಟು ಉಣ್ಣದೆ ಓಡಿದರೆ ದೇಹ ಉಳಿತಾಯಕ್ಕಿಳಿಯುತ್ತದೆ: ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜೆನ್ ಕುಸಿಯುತ್ತದೆ, ಮೂಳೆ ಟೊಳ್ಳಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ 'ರೆಡ್-ಎಸ್' ಎಂದು ಹೆಸರಿಟ್ಟರು. ಹದಿನೇಳಕ್ಕೇ ವಿಶ್ವ ಚಾಂಪಿಯನ್‌ಷಿಪ್ ಓಡಿದ ಅಮೆರಿಕದ ಮೇರಿ ಕೇನ್, ತೂಕ ಇಳಿಸುವ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತು ಐದು ಮೂಳೆ ಮುರಿದದ್ದನ್ನು 2019ರಲ್ಲಿ ಬಹಿರಂಗವಾಗಿ ಹೇಳಿಕೊಂಡಳು. ಅವಳ ಮುಂದೆ ಬ್ರಹ್ಮಚಾರಿ ಯಾರೂ ಬಂದು ನಿಂತಿರಲಿಲ್ಲ.

ಹೀಗಿದ್ದರೂ ಕಾಳಿದಾಸನ ಮಾತಿನಲ್ಲಿ ದೇಹ ಸಾಧನವೇ, ಯಾವುದಕ್ಕೋ ಉಪಕರಣ. ಉಪಯೋಗವನ್ನೇ ಕೇಳದೆ ದೇಹವನ್ನು ಒಪ್ಪಬಹುದೇ? ಈ ಪ್ರಶ್ನೆ ಕಲ್ಯಾಣಕ್ಕೆ ಕರೆದೊಯ್ಯುತ್ತದೆ.

ಕಲ್ಯಾಣವೆಂದರೆ ಥಾಣೆ ಜಿಲ್ಲೆಯವರಿಗೆ ಜಂಕ್ಷನ್. ಕನ್ನಡಿಗರಿಗೆ ಬೀದರ್ ಜಿಲ್ಲೆಯಲ್ಲಿ ಇನ್ನೊಂದು ಕಲ್ಯಾಣವಿದೆ, ಹನ್ನೆರಡನೆಯ ಶತಮಾನದ್ದು. ಉಡುತಡಿಯ ಅಕ್ಕಮಹಾದೇವಿ ಉಟ್ಟದ್ದನ್ನು ಬಿಟ್ಟು ಅಲ್ಲಿಗೆ ನಡೆದುಹೋದಳು. 'ಶೂನ್ಯಸಂಪಾದನೆ' ಹೇಳುವಂತೆ ಶರಣರ ಸಭೆಯಲ್ಲಿ ಅಲ್ಲಮಪ್ರಭು ಅವಳನ್ನು ತಡೆದು ಕೇಳಿದ: ಸೀರೆ ಬಿಟ್ಟವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆ? ನೋಡುವವರ ಮನಸ್ಸು ಕದಡದಿರಲಿ ಎಂದು, ತನಗಾಗಿ ಅಲ್ಲ ಎಂಬುದು ಅವಳ ಉತ್ತರದ ತಿರುಳು. 'ನಿನ್ನನ್ನು ನೀನು ಒಪ್ಪಿಕೋ' ಎಂದು ಉಪದೇಶಿಸುವವರು ಅಕ್ಕನನ್ನು ಸಲೀಸಾಗಿ ಉದಾಹರಿಸುತ್ತಾರೆ. ಕಥೆ ಅಷ್ಟು ಸಲೀಸಿಲ್ಲ. ಅಕ್ಕ ತನ್ನನ್ನು ಎಂದೋ ಒಪ್ಪಿಯಾಗಿತ್ತು. ಒಪ್ಪುವುದು ಬಾಕಿ ಉಳಿದಿದ್ದದ್ದು ಸಭೆಗೆ.

ಓಟಗಾರ್ತಿ ದ್ಯುತಿ ಚಂದ್‌ಗೆ ಆದದ್ದೂ ಅದೇ. ಟೆಸ್ಟೊಸ್ಟೆರೋನ್ ಹೆಚ್ಚಿದೆ ಎಂದು 2014ರಲ್ಲಿ ಅವಳನ್ನು ಓಟದಿಂದ ಹೊರಗಿಟ್ಟರು. ಅವಳು ಮೈಯನ್ನು ಬದಲಿಸಿಕೊಳ್ಳಲು ಒಪ್ಪದೆ ಕ್ರೀಡಾ ನ್ಯಾಯಮಂಡಳಿಗೆ ಹೋದಳು. 2015ರ ಜುಲೈಯಲ್ಲಿ ಅಮಾನತಾದದ್ದು ನಿಯಮ.

ಓಟದ ಹಿಂದಿನ ರಾತ್ರಿ ಬಿಬ್ ನಂಬರಿನ ಜೊತೆ ನಾಲ್ಕು ಸೇಫ್ಟಿ ಪಿನ್ನು ಕೊಟ್ಟಿರುತ್ತಾರೆ, ಸೆರಗಿಗೆ ಚುಚ್ಚುವಂಥವೇ. ಕನ್ನಡಿಯೆದುರು ನಮ್ಮ ಭಾನುವಾರದ ಓಟಗಾರ್ತಿ ಬಿಬ್ಬನ್ನು ಎದೆಗೆ ಚುಚ್ಚಿ ನೋಡುತ್ತಾಳೆ, ತೆಗೆದು ಹೊಟ್ಟೆಯ ಉಬ್ಬು ಮರೆಯಾಗುವಂತೆ ಇನ್ನೆರಡು ಇಂಚು ಕೆಳಗೆ ಚುಚ್ಚುತ್ತಾಳೆ. ಮಾರನೆಯ ದಿನ ಐದನೆಯ ಕಿಲೋಮೀಟರಿನ ಹೊತ್ತಿಗೆ ಬೆವರಿಗೆ ಕಾಗದ ಮುದುರಿ ಒಂದು ಮೂಲೆ ಕಿತ್ತುಕೊಂಡು ಪಟಪಟ ಬಡಿಯುತ್ತದೆ. ಸರಿಮಾಡಲು ನಿಂತರೆ ಟೈಮಿಂಗ್ ಹೋಗುತ್ತದೆ. ಬಡಿಯಲಿ ಎಂದು ಓಡುತ್ತಾಳೆ.