ಆಯ್ಕೆಯೂ ಅನಾಗತವೂ

ಪ್ರತಿವರ್ಷವೂ ಜೂನ್ ತಿಂಗಳು ಮುಗಿಯುವ ಹೊತ್ತಿಗೆ, ಉತ್ತರ ಅಮೆರಿಕದಲ್ಲಿ ಐಸ್ ಹಾಕಿ ಆಡುವ ನ್ಯಾಷನಲ್ ಹಾಕಿ ಲೀಗಿನ 32 ತಂಡಗಳು ಸರದಿಯಂತೆ ಒಂದೊಂದು ಹೆಸರನ್ನು ಉಚ್ಚರಿಸುತ್ತ, ಏಳು ಸುತ್ತುಗಳಲ್ಲಿ ಹೆಚ್ಚುಕಡಮೆ 224 ಮಂದಿ ತರುಣರನ್ನು ತಮ್ಮವರೆಂದು ಬರೆದುಕೊಳ್ಳುತ್ತವೆ. ಡ್ರಾಫ್ಟ್ ಎಂದು ಹೆಸರಾದ ಈ ವಿಧಿಯಲ್ಲಿ ಆಯ್ಕೆಗೊಳ್ಳುವವರು ಬಹುಮಟ್ಟಿಗೆ ಹದಿನೆಂಟರ ಹರೆಯದವರು. ತಂಡದ ಮುಖ್ಯ ಪಂಕ್ತಿಯಲ್ಲಿ ನಿಂತು ಆಡಬೇಕಾದರೆ ಇವರಲ್ಲಿ ಹಲವರು ಇನ್ನೂ ಕೆಲವು ವರ್ಷಗಳನ್ನು ಕಳೆಯಬೇಕು, ಅನೇಕರಿಗೆ ಆ ದಿನ ಎಂದಿಗೂ ಬಾರದು. ಹೀಗಿದ್ದರೂ ಪಟ್ಟಿ ಮುಗಿದ ಮರುದಿನವೇ ಯಾವ ತಂಡದ ಆಯ್ಕೆ ಉತ್ತಮ, ಯಾವುದರದು ಅಧಮ, ಯಾವ ಹುಡುಗನ ‘ಸೀಲಿಂಗ್’ (ಏರಬಹುದಾದ ಗರಿಷ್ಠ ಮಟ್ಟ) ಎಷ್ಟು ಎತ್ತರ, ಯಾವನ ‘ಫ್ಲೋರ್’ (ಇಳಿಯಬಹುದಾದ ಕನಿಷ್ಠ ಮಟ್ಟ) ಎಷ್ಟು ಭದ್ರ ಎಂಬ ತೀರ್ಪುಗಳು ಹೊರಬೀಳತೊಡಗುತ್ತವೆ. ಇದನ್ನು ಕ್ರೀಡಾರಸಿಕರ ವಿನೋದವೆಂದು ಅಲ್ಲಿಗೇ ಬಿಟ್ಟುಬಿಡಬಹುದು. ಆದರೆ ಇನ್ನೂ ಆಗದಿರುವ ಮನುಷ್ಯನನ್ನು ಇಂದೇ ತೂಗಿ ನೋಡುವ ಈ ಸಾಹಸದ ಹಿಂದೆ, ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೊಂದು ನಿಂತಿದೆ: ನಾಳೆ ತೋರಲಿರುವ ಸಾಮರ್ಥ್ಯವು ಆ ತರುಣನಲ್ಲಿ ಇಂದೇ ಇದೆಯೆ, ಅಥವಾ ನಾಳೆ ಹೊಸದಾಗಿ ಹುಟ್ಟತಕ್ಕದ್ದೆ?

ಕಾರ್ಯವು ತನ್ನ ಕಾರಣದಲ್ಲಿ ಮೊದಲೇ ಅವ್ಯಕ್ತವಾಗಿ ನೆಲಸಿರುವುದೆಂದೂ, ಎಳ್ಳಿನಲ್ಲಿ ಎಣ್ಣೆಯಿರುವುದರಿಂದಲೇ ಗಾಣದಿಂದ ಎಣ್ಣೆ ಬರುವುದೆಂದೂ ಸಾಂಖ್ಯರು ಹೇಳಿದರು. ಈಶ್ವರಕೃಷ್ಣನ ಕಾರಿಕೆಗಳಲ್ಲಿ ಈ ಸತ್ಕಾರ್ಯವಾದವು ಸುಪ್ರಸಿದ್ಧವಾಗಿದೆ. ಕಾರಣಗಳು ಕೂಡಿದ ಮೇಲೆ ಹಿಂದೆ ಇಲ್ಲದಿದ್ದುದೇ ಹೊಸದಾಗಿ ಆರಂಭವಾಗುವುದೆಂದು ನ್ಯಾಯವೈಶೇಷಿಕರು ಪ್ರತಿವಾದ ಹೂಡಿದರು. ಹಿಮದ ಅಂಗಣದ ಸುತ್ತ ಕುಳಿತು ಹುಡುಗರ ಚಲನವಲನಗಳನ್ನು ಟಿಪ್ಪಣಿ ಮಾಡಿಕೊಳ್ಳುವ ಸ್ಕೌಟ್ ಎಂಬ ಪರೀಕ್ಷಕನು ಈ ಎರಡು ಮತಗಳ ಹೆಸರನ್ನೂ ಕೇಳಿರಲಾರನು. ಆದರೂ ಅವನ ವೃತ್ತಿಧರ್ಮವು ಅವನನ್ನು ಸಾಂಖ್ಯನನ್ನಾಗಿ ಮಾಡುತ್ತದೆ. ಒಳಗೆ ಏನೋ ಒಂದು ಇದ್ದೇ ಇದೆ, ಅದನ್ನು ಕಾಣಬಲ್ಲ ಕಣ್ಣು ತನಗಿರಬೇಕು ಎಂಬ ನಂಬಿಕೆಯೊಂದಿಲ್ಲದೆ ಆತನು ಚಳಿಗಾಲವೆಲ್ಲ ಊರಿಂದೂರಿಗೆ ಅಲೆಯಲಾರನು.

ಆ ಕಣ್ಣನ್ನು ಹರಿತಗೊಳಿಸಲು ಪಟ್ಟ ಪ್ರಯತ್ನವಾದರೂ ಸಾಮಾನ್ಯವಾದುದಲ್ಲ. 1963ರಲ್ಲಿ ಮಾಂಟ್ರಿಯಲ್ ನಗರದ ಹೋಟೆಲೊಂದರಲ್ಲಿ ಮುಚ್ಚಿದ ಬಾಗಿಲ ಹಿಂದೆ ಮೊದಲ ಡ್ರಾಫ್ಟ್ ನಡೆದಾಗ ಲೀಗಿನಲ್ಲಿದ್ದುದು ಆರೇ ತಂಡ, ಆಯ್ಕೆಯಾದುದು 21 ಹೆಸರು. ಮೊಟ್ಟಮೊದಲು ಕರೆಯಲ್ಪಟ್ಟ ಗ್ಯಾರಿ ಮೊನಹನ್‌ಗೆ ಆಗ ಹದಿನಾರು ವರ್ಷ. 1975ರಲ್ಲಿ ಲೀಗು ತನ್ನದೇ ಆದ ಕೇಂದ್ರ ಪರೀಕ್ಷಣಸಂಸ್ಥೆಯನ್ನು ಸ್ಥಾಪಿಸಿತು. ಇಂದು ಸ್ಥಿರ ಸೈಕಲ್ಲಿನ ಮೇಲೆ ಹುಡುಗನನ್ನು ದಣಿಸಿ ಅವನ ದೇಹವು ಪ್ರಾಣವಾಯುವನ್ನು ಎಷ್ಟು ಬಳಸಬಲ್ಲುದೆಂದು ಅಳೆಯುತ್ತಾರೆ, ಒಬ್ಬೊಬ್ಬನನ್ನೇ ಕೂರಿಸಿಕೊಂಡು ಮನಸ್ಸನ್ನು ಶೋಧಿಸುತ್ತಾರೆ, ಸ್ಕೇಟಿಂಗ್, ಕೈಚಳಕ, ‘ಹಾಕಿ ಸೆನ್ಸ್’ ಎಂದು ಗುಣಗಳನ್ನು ವಿಂಗಡಿಸಿ ಬೆಲೆ ಕಟ್ಟುತ್ತಾರೆ. ಪ್ರತ್ಯಕ್ಷಪ್ರಮಾಣವು ಎಟುಕುವಷ್ಟು ದೂರಕ್ಕೆ ಇವರು ಹೋಗಿದ್ದಾರೆಂಬುದರಲ್ಲಿ ಸಂಶಯವಿಲ್ಲ.

ಫಲವೇನು? 1989ರಲ್ಲಿ ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡವು ಮಾಡಿದ ಆಯ್ಕೆಯನ್ನು ಈ ವಿದ್ಯೆಯ ಶಿಖರವೆಂದು ಬಲ್ಲವರು ಕೊಂಡಾಡುತ್ತಾರೆ. ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್ 53ನೆಯವನಾಗಿಯೂ, ರಷ್ಯದ ಸೆರ್ಗೇಯ್ ಫೆದರೋವ್ 74ನೆಯವನಾಗಿಯೂ, ವ್ಲಾದಿಮಿರ್ ಕಾನ್‌ಸ್ಟಾಂಟಿನೋವ್ 221ನೆಯವನಾಗಿಯೂ ಅದೇ ವರ್ಷ ಆ ತಂಡಕ್ಕೆ ದೊರೆತರು. ಮುಂದೆ 1998ರಲ್ಲಿ ಪಾವೆಲ್ ದತ್ಸ್ಯೂಕ್ 171ನೆಯ ಸ್ಥಾನದಲ್ಲಿಯೂ, 1999ರಲ್ಲಿ ಹೆನ್ರಿಕ್ ಜೆಟರ್‌ಬರ್ಗ್ 210ನೆಯ ಸ್ಥಾನದಲ್ಲಿಯೂ ಅದೇ ತಂಡದ ಪಾಲಿಗೆ ಬಂದರು. ಆದರೆ ಈ ಪ್ರಶಂಸೆಯ ನಡುವೆ ಕೇಳಬೇಕಾದ ಪ್ರಶ್ನೆಯೊಂದುಂಟು. ಲಿಡ್‌ಸ್ಟ್ರೋಮನು ಇಪ್ಪತ್ತು ಋತುಗಳ ಕಾಲ ಆಡಿ, ರಕ್ಷಣಾ ಆಟಗಾರರಿಗೆ ಸಲ್ಲುವ ಪರಮ ಪುರಸ್ಕಾರವನ್ನು ಏಳು ಬಾರಿ ಗಳಿಸುವನೆಂದು ಡೆಟ್ರಾಯ್ಟಿನವರು ಬಲ್ಲವರಾಗಿದ್ದರೆ, ಅವನಿಗಿಂತ ಮುಂಚೆ ಬೇರೆ ಇಬ್ಬರನ್ನು ಆರಿಸುತ್ತಿದ್ದರೆ? ಉಳಿದ ತಂಡಗಳಿಗೆ ಅವನು ಕಾಣದೆಹೋದಂತೆಯೇ ಡೆಟ್ರಾಯ್ಟಿಗೂ ಬಹುಪಾಲು ಕಾಣಲಿಲ್ಲ. ಅವರು ಕಂಡುದು ಒಳ್ಳೆಯದೊಂದು ಆಸೆಯನ್ನೇ ಹೊರತು ಲಿಡ್‌ಸ್ಟ್ರೋಮನನ್ನಲ್ಲ. 1984ರಲ್ಲಿ ಲಾಸ್ ಏಂಜಲಿಸ್ ತಂಡವು, ಮುಂದೆ 668 ಗೋಲುಗಳನ್ನು ಹೊಡೆಯಲಿದ್ದ ಲುಕ್ ರಾಬಿಟೈಲನನ್ನು 171ನೆಯವನಾಗಿ ಆರಿಸುವುದಕ್ಕೆ ಬಹಳ ಮೊದಲೇ, 69ನೆಯ ಸರದಿಯಲ್ಲಿ ಟಾಮ್ ಗ್ಲಾವಿನ್ ಎಂಬ ಹುಡುಗನನ್ನು ಆರಿಸಿಕೊಂಡಿತು. ಆ ಗ್ಲಾವಿನ್ ಹಿಮದ ಕಡೆಗೆ ಬಾರದೆ ಬೇಸ್‌ಬಾಲಿನಲ್ಲಿ ಮಹಾಪುರುಷನಾದನು.

ಅವ್ಯಕ್ತವಾದುದು ಕಣ್ಣಿಗೆ ಬೀಳಲಿಲ್ಲವೆಂಬ ಮಾತ್ರಕ್ಕೆ ಅದು ಇರಲಿಲ್ಲವೆಂದು ಹೇಗೆ ಹೇಳುವಿರೆಂದು ಸಾಂಖ್ಯನು ಇಲ್ಲಿ ಆಕ್ಷೇಪಿಸದೆ ಇರಲಾರನು. ಆಕ್ಷೇಪವು ನ್ಯಾಯವಾದುದೇ. ಆದರೆ ಪ್ರಕಟವಾದ ಮೇಲಷ್ಟೆ ಇತ್ತೆಂದು ಹೇಳಬಹುದಾದ ಇರವು, ಆಯ್ಕೆಗೆ ಕುಳಿತವನ ಪಾಲಿಗೆ ಇಲ್ಲದುದಕ್ಕೆ ಸಮಾನವೇ ಸರಿ. ಹದಿನೆಂಟರ ಹುಡುಗನಲ್ಲಿ ಕಾಲಿನ ವೇಗವಿದೆ, ಕಣ್ಣಿನ ಚುರುಕಿದೆ. ಸೋಲಿನ ಮರುದಿನ ಅವನು ಹೇಗೆ ಎದ್ದು ನಿಲ್ಲುವನೆಂಬ ನಿಶ್ಚಯವು ಎಲ್ಲಿಯೂ ಬಚ್ಚಿಟ್ಟುಕೊಂಡು ಕುಳಿತಿಲ್ಲ, ಏಕೆಂದರೆ ಆ ನಿಶ್ಚಯವನ್ನು ಅವನಿನ್ನೂ ಮಾಡಿಲ್ಲ. 1974ರಲ್ಲಿ ಬಫಲೋ ತಂಡದ ವ್ಯವಸ್ಥಾಪಕ ಪಂಚ್ ಇಮ್ಲಾಕ್, ಟೆಲಿಫೋನಿನ ಮೂಲಕ ಎಳೆದೆಳೆದು ನಡೆದ ಡ್ರಾಫ್ಟಿನಿಂದ ಬೇಸತ್ತು, ತಾರೋ ಸುಜಿಮೊಟೊ ಎಂಬ ಜಪಾನಿ ಆಟಗಾರನನ್ನು 183ನೆಯ ಸರದಿಯಲ್ಲಿ ಆರಿಸಿದನು. ಅಂಥ ಮನುಷ್ಯನೂ ಅವನ ತಂಡವೂ ಕೇವಲ ಕಲ್ಪಿತವೆಂದು ಅನಂತರ ತಿಳಿಯಿತು. ಜನರು ನಕ್ಕು ಮರೆತ ಈ ಕಥೆಯಲ್ಲಿ ಗಂಭೀರವಾದ ಅಂಶವೊಂದಿದೆ: ಆ ದಿನ ಹೆಸರು ಪಡೆದ ಹುಡುಗರು ನಿಜವಾಗಿದ್ದರೂ, ಅವರ ಬೆನ್ನಿಗೆ ಅಂಟಿಸಲ್ಪಟ್ಟ ‘ಭಾವೀ ತಾರೆ’ಯು ಸುಜಿಮೊಟೊನಷ್ಟೇ ಕಲ್ಪಿತನಾಗಿದ್ದನು.

ಡ್ರಾಫ್ಟ್ ಹುಟ್ಟಿದ ನಾಡಿನ ಜನರ ಧರ್ಮಗ್ರಂಥದಲ್ಲಿಯೂ ಇದೇ ಚಿಂತೆಯುಂಟು. ದೊರೆಯನ್ನು ಆರಿಸಲು ಬೆತ್ಲೆಹೇಮಿಗೆ ಬಂದ ಪ್ರವಾದಿ ಸಮುವೇಲನು, ಇಷಯನ ಹಿರಿಯ ಮಗನ ನಿಲುವನ್ನು ಕಂಡು ಇವನೇ ಎಂದು ಭಾವಿಸಿದಾಗ, ದೇವರು ತಡೆದು, ಕುರಿ ಕಾಯಲು ಹೋಗಿದ್ದ ಕಿರಿಯ ದಾವೀದನನ್ನು ತೋರಿಸಿದನೆಂಬುದು ಎಲ್ಲರೂ ಬಲ್ಲ ಸಂಗತಿ. ಐದಡಿ ಎಂಟಂಗುಲದ ಮಾರ್ಟಿನ್ ಸೇಂಟ್ ಲೂಯಿಯನ್ನು ಯಾವ ತಂಡವೂ ಡ್ರಾಫ್ಟಿನಲ್ಲಿ ಕರೆಯಲಿಲ್ಲವೆಂಬುದನ್ನೂ, 2004ರಲ್ಲಿ ಅವನೇ ಲೀಗಿನ ಅತ್ಯಂತ ಮೌಲ್ಯವಂತ ಆಟಗಾರನೆನಿಸಿಕೊಂಡನೆಂಬುದನ್ನೂ ಬಲ್ಲವರಿಗೆ ಈ ಕಥೆ ಹಿತವಾಗುವುದು ಸಹಜ. ಆದರೆ ಕಥೆಯ ಹಿಂದಿನ ಭಾಗವನ್ನು ಮರೆಯಲಾಗದು. ಜನರೆಲ್ಲರಿಗಿಂತ ಒಂದು ತಲೆ ಎತ್ತರವಾಗಿದ್ದ ಸೌಲನನ್ನು ಅಭಿಷೇಕಿಸಿದವನೂ ಅದೇ ಸಮುವೇಲನೇ, ಅದೂ ದೈವಾಜ್ಞೆಯಿಂದಲೇ. ಆ ಸೌಲನು ದಾರಿ ತಪ್ಪಿದಾಗ ದೇವರೇ ಪಶ್ಚಾತ್ತಾಪಪಟ್ಟನೆಂದು ಗ್ರಂಥವು ಸಂಕೋಚವಿಲ್ಲದೆ ನುಡಿಯುತ್ತದೆ. ಹೃದಯವನ್ನು ನೋಡಬಲ್ಲವನು ಆರಿಸಿದರೂ ಆರಿಸಲ್ಪಟ್ಟವನ ಸ್ವಾತಂತ್ರ್ಯವು ಅಳಿಯುವುದಿಲ್ಲವೆಂದ ಮೇಲೆ, ಗಡಿಯಾರ ಹಿಡಿದು ವೇಗವನ್ನಳೆಯುವವನ ಮಾತೇನು?

ಅಷ್ಟೇ ಅಲ್ಲದೆ, ಎಲ್ಲ ಕಾರಣಗಳೂ ಕೂಡಿದ ಮೇಲೆಯೂ ಮನುಷ್ಯನ ಗಣನೆಗೆ ಸಿಕ್ಕದ ಶೇಷವೊಂದು ಉಳಿಯುವುದುಂಟು. ವೈಶೇಷಿಕರು ಇದನ್ನು ಅದೃಷ್ಟವೆಂದರು. ಕೊನೆಯ ಸುತ್ತುಗಳಲ್ಲಿ ದೊರೆತ ಕಾನ್‌ಸ್ಟಾಂಟಿನೋವನು 1997ರ ಜೂನಿನಲ್ಲಿ ತನ್ನ ತಂಡದೊಡನೆ ಸ್ಟಾನ್ಲಿ ಕಪ್ಪನ್ನು ಗೆದ್ದನು. ಆರು ದಿನಗಳು ಕಳೆಯುವಷ್ಟರಲ್ಲಿ ವಾಹನದ ಅಪಘಾತವೊಂದರಲ್ಲಿ ಅವನ ಆಟ ಮುಗಿದುಹೋಯಿತು. ಯಾವ ಪರೀಕ್ಷಕನ ಟಿಪ್ಪಣಿಯಲ್ಲಿ ಇದಕ್ಕೊಂದು ಅಂಕಣವಿದ್ದೀತು?

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿಯೆಂದರೆ, ತೀರ್ಪು ಎಂಬುದು ಬರಿಯ ಜ್ಞಾನವಾಗಿ ಉಳಿಯದೆ ತಾನೂ ಒಂದು ನಿಮಿತ್ತಕಾರಣವಾಗುವುದು. ಕೆನಡದಲ್ಲಿ ಬಾಲಕರ ವಯೋವರ್ಗವನ್ನು ಜನವರಿ 1ರಿಂದ ಎಣಿಸುವ ಪದ್ಧತಿಯಿರುವುದರಿಂದ, ವರ್ಷಾರಂಭದಲ್ಲಿ ಹುಟ್ಟಿದವನು ವರ್ಷಾಂತ್ಯದಲ್ಲಿ ಹುಟ್ಟಿದವನಿಗಿಂತ ಹಲವು ತಿಂಗಳು ಹಿರಿಯನೂ ಬಲಿಷ್ಠನೂ ಆಗಿದ್ದು, ಪ್ರತಿಭಾವಂತನೆನಿಸಿಕೊಂಡು, ಆ ಕಾರಣದಿಂದಲೇ ಉತ್ತಮ ತಂಡವನ್ನೂ ಉತ್ತಮ ಶಿಕ್ಷಣವನ್ನೂ ಹೆಚ್ಚು ಆಟದ ಅವಕಾಶವನ್ನೂ ಪಡೆದು, ಕಡೆಗೆ ನಿಜವಾಗಿಯೂ ಉತ್ತಮನಾಗುತ್ತಾನೆಂಬುದನ್ನು 1980ರ ದಶಕದಲ್ಲಿಯೇ ಮನಶ್ಶಾಸ್ತ್ರಜ್ಞರು ಗುರುತಿಸಿದರು. ವರ್ಷದ ಉತ್ತರಾರ್ಧದಲ್ಲಿ ಹುಟ್ಟಿದವರು ತಮಗೆ ಡ್ರಾಫ್ಟಿನಲ್ಲಿ ದೊರೆತ ಸ್ಥಾನದಿಂದ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚನ್ನು ಸಾಧಿಸಿದರೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಜನ್ಮಮಾಸವನ್ನು ಪ್ರತಿಭೆಯೆಂದು ಓದಿದ ತಪ್ಪು ಹೀಗೆ ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ಸೃಷ್ಟಿಸಿಕೊಂಡಿತು.

ಹಾಗಾದರೆ ಮೌಲ್ಯಮಾಪನವನ್ನೇ ತ್ಯಜಿಸಬೇಕೆ? ಅದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಸಂಶಯವಿದ್ದಾಗಲೂ ಪ್ರವೃತ್ತಿಯಿರುತ್ತದೆಂಬುದು ನೈಯಾಯಿಕರೂ ಒಪ್ಪಿದ ಮಾತು. ಆಯ್ಕೆ ಮಾಡುವವನು ಆಯ್ಕೆ ಮಾಡಲಿ. ತಪ್ಪಿದಾಗ ತಪ್ಪನ್ನು ಯಾರ ಮೇಲೆ ಹೊರಿಸಬೇಕೆಂಬುದರಲ್ಲಿ ಮಾತ್ರ ಅವನು ಎಚ್ಚರದಿಂದಿರಬೇಕು. 1993ರಲ್ಲಿ ಒಟ್ಟಾವಾ ತಂಡವು ಎಲ್ಲರಿಗಿಂತ ಮೊದಲು ಕರೆದ ಅಲೆಕ್ಸಾಂದ್ರ್ ಡೇಗ್ಲನಿಗೆ ಐದು ವರ್ಷಗಳಿಗೆ 1.2 ಕೋಟಿ ಡಾಲರಿಗೂ ಮಿಕ್ಕ ಸಂಬಳ ನಿಶ್ಚಯವಾಯಿತು. ಎರಡನೆಯವನಾಗಿ ಬೇರೊಂದು ತಂಡಕ್ಕೆ ಹೋದ ಕ್ರಿಸ್ ಪ್ರಾಂಗರ್ ಕೀರ್ತಿಶಾಲಿಯಾದನು, ಡೇಗ್ಲನಿಗೆ ‘ಬಸ್ಟ್’ (ಹುಸಿಹೋದ ಆಯ್ಕೆ) ಎಂಬ ಬಿರುದು ಉಳಿಯಿತು. ಆ ಲೀಗಿನಲ್ಲಿ ಅವನು 600ಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದನು. ಹಿಮದ ಮೇಲೆ ಕಾಲಿಟ್ಟ ಲಕ್ಷಾಂತರ ಬಾಲಕರಲ್ಲಿ ಅಷ್ಟು ಪಡೆದವರು ಎಷ್ಟು ಮಂದಿ? ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ತಿಳಿದು ಅಲ್ಲಿ ಬೆಂಕಿಯಿದೆಯೆಂದು ಅನುಮಾನಿಸಿದವನ ದೋಷವನ್ನು ತರ್ಕಶಾಸ್ತ್ರವು ಹೇತುವಿನಲ್ಲಿ ಹುಡುಕುತ್ತದೆ. ಬೆಂಕಿಯಿಲ್ಲದುದಕ್ಕೆ ಬೆಟ್ಟವನ್ನು ನಿಂದಿಸಿದ ತಾರ್ಕಿಕನೊಬ್ಬನೂ ನಮ್ಮಲ್ಲಿಲ್ಲ. ಅನುಮಾನವು ನಮ್ಮದು, ಅದರ ಸೋಲೂ ನಮ್ಮದೇ ಆಗತಕ್ಕದ್ದು.

ಆದುದರಿಂದ ತರುಣರನ್ನು ಅಳೆಯುವವನ ಧರ್ಮವು ಇಷ್ಟು: ಕಂಡುದನ್ನು ಕಂಡಂತೆ ಹೇಳುವುದು, ಊಹಿಸಿದುದಕ್ಕೆ ಊಹೆಯೆಂಬ ಗುರುತನ್ನು ಹಾಕುವುದು, ವರ್ಷಕ್ಕೊಮ್ಮೆಯಾದರೂ ಹಳೆಯ ಟಿಪ್ಪಣಿಯನ್ನು ಬದಿಗಿರಿಸಿ ಹುಡುಗನನ್ನೇ ಹೊಸದಾಗಿ ನೋಡುವುದು, 221ನೆಯವನಿಗೂ ಶಿಬಿರದಲ್ಲಿ ಮೊದಲನೆಯವನಷ್ಟೇ ಅವಕಾಶವನ್ನು ಕೊಡುವುದು. ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ಕಠಿನ, ಏಕೆಂದರೆ ಮೊದಲನೆಯವನಿಗಾಗಿ ತೆತ್ತ ಹಣವೂ ಆಡಿದ ಮಾತೂ ನಮ್ಮನ್ನು ಅವನ ಕಡೆಗೆ ಎಳೆಯುತ್ತಿರುತ್ತವೆ. ಆ ಸೆಳೆತವನ್ನು ತಡೆದುಕೊಳ್ಳಬಲ್ಲವನಿಗೆ ಮಾತ್ರ ಇನ್ನೊಬ್ಬನ ಮಗನ ಭವಿಷ್ಯದ ಬಗ್ಗೆ ಮಾತನಾಡುವ ಅಧಿಕಾರವುಂಟು.